ಬಿಚ್ಚಿ ಹರಡಿದ ಡ್ರಿಲ್ಲು

ಆಯುಧಪೂಜೆಯ ಹಿಂದಿನ ಮಧ್ಯಾಹ್ನ ಭದ್ರಾವತಿಯ ಯಾವ ಬೀದಿಗೆ ಹೋದರೂ ಸೋಪಿನ ನೊರೆ ಚರಂಡಿಗೆ ಹರಿಯುತ್ತಿರುತ್ತದೆ. ಗೇಟಿನ ಮುಂದೆ ಸ್ಕೂಟರು ತೊಳೆಯುವವರು, ಹಿತ್ತಿಲಲ್ಲಿ ಕತ್ತಿ, ಹಾರೆ, ಈಳಿಗೆಮಣೆಗಳನ್ನು ಬೂದಿ ಹಾಕಿ ತಿಕ್ಕುವವರು, ಸೈಕಲ್ ಚೈನಿಗೆ ಎಣ್ಣೆ ಬಿಡುವ ಹುಡುಗರು. ನೀವು ನಮ್ಮ ಮಾವನ ಮನೆಯ ಹಜಾರಕ್ಕೆ ಬನ್ನಿ, ಗೋಡೆಗೊರಗಿ ಕೂತುಕೊಳ್ಳಿ. ಕಿಟಕಿಯ ಬೆಳಕು ಬೀಳುವ ಕಡೆ ಹಳೇ ಪೇಪರು ಹಾಸಿದೆ. ಅದರ ಮೇಲೊಂದು ಸ್ಟೀಲ್ ತಟ್ಟೆ, ಬಣ್ಣ ಬಳಿಯುವ ಸಣ್ಣ ಬ್ರಷ್ಷು, ಸ್ಟಾರ್ ಸ್ಕ್ರೂಡ್ರೈವರು, ಬನಿಯನ್ನು ಹರಿದು ಮಾಡಿದ ಬಟ್ಟೆಯ ಚೂರುಗಳು, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು. ನಡುವೆ ಮಲಗಿದೆ ಮನೆಯ ಡ್ರಿಲ್ ಮಷೀನು. ಸಿಮೆಂಟಿನ ಧೂಳು ಹತ್ತಿ ಅದರ ನೀಲಿ ಬಣ್ಣವೇ ಕಾಣುತ್ತಿಲ್ಲ.

ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರಾಗಿ ನಿವೃತ್ತರಾದ ಮಾವ ಕೈ ಹಾಕುವ ಮೊದಲು ಪ್ಲಗ್ಗನ್ನು ಎಳೆದು ತಂದು ಮೊಣಕಾಲ ಪಕ್ಕ, ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳುತ್ತಾರೆ. ಸ್ವಿಚ್ಚು ಆರಿಸಿದ್ದೇನೆ ಅಂದರೆ ಅವರಿಗೆ ಸಾಲದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಮಷೀನಿನ ಹೊಟ್ಟೆಯ ಸೀಳುಗಳಿಗೆ ಪಂಪಿನ ಮೂತಿ ಹಿಡಿದು ಒತ್ತುತ್ತಾರೆ. ಫುಸ್, ಫುಸ್. ಬೆಳಕಿನ ಕೋಲಿನಲ್ಲಿ ಧೂಳು ಏಳುತ್ತದೆ, ಪೇಪರಿನ ಮೇಲೆ ಮೆಲ್ಲಗೆ ಕೂರುತ್ತದೆ. ಇಟ್ಟಿಗೆಯ ಕೆಂಪು, ಸಿಮೆಂಟಿನ ಬೂದು, ಪ್ಲೈವುಡ್ಡಿನ ಹಳದಿ. ಮಹಡಿಯ ಪರದೆ ಕೋಲು, ಅಡುಗೆಮನೆಯ ವಾಟರ್ ಫಿಲ್ಟರು, ಮೊಮ್ಮಗಳು ಪುಟ್ಟಿಯ ಪುಸ್ತಕದ ಗೂಡು, ವರ್ಷವಿಡೀ ಗೋಡೆಗೇರಿದ್ದೆಲ್ಲದರ ಪುಡಿ ಅಲ್ಲಿದೆ. ಬಾಯಲ್ಲಿ ಊದಲು ಮುಂದೆ ಬಾಗಿದ ಪುಟ್ಟಿಯನ್ನು ಅವರು ಕೈಯಡ್ಡ ಹಿಡಿದು ತಡೆಯುತ್ತಾರೆ. "ಬೇಡ ಮಗಳೇ. ಉಸಿರಲ್ಲಿ ತೇವ ಇರುತ್ತೆ. ಸಿಮೆಂಟಿಗೆ ತೇವ ಸಿಕ್ಕಿದರೆ ಏನಾಗುತ್ತೆ ಹೇಳು?"

ಮನೆಯ ಡ್ರಿಲ್ಲುಗಳು ದುಡಿದು ಸಾಯುವುದು ಕಡಿಮೆ, ಧೂಳು ತಿಂದು ಸಾಯುವುದೇ ಹೆಚ್ಚು. ಒಳಗಿನ ಪುಟ್ಟ ಫ್ಯಾನು ಈ ಸೀಳುಗಳಿಂದಲೇ ಗಾಳಿ ಎಳೆದು ವೈಂಡಿಂಗನ್ನು ತಂಪಾಗಿಡಬೇಕು. ಸೀಳು ಕಟ್ಟಿಕೊಂಡರೆ ಬಿಸಿ ಒಳಗೇ ನಿಲ್ಲುತ್ತದೆ, ತಾಮ್ರದ ತಂತಿಯ ಮೇಲಿನ ವಾರ್ನಿಷ್ಷು ಸುಡಲು ಶುರುವಾಗುತ್ತದೆ. ಆ ಕಮರು ವಾಸನೆ ಒಮ್ಮೆ ಮೂಗಿಗೆ ಹೊಡೆದರೆ ಮರೆಯುವುದಿಲ್ಲ. ಅದು ಬಂದಾಗ ಕೆಲಸ ನಿಲ್ಲಿಸುವುದಕ್ಕಿಂತ ಮುಂಚೆ ಮಾಡಬೇಕಾದ್ದೊಂದಿದೆ: ತೂತು ಕೊರೆಯುವ ಬಿಟ್ಟನ್ನು ಗೋಡೆಯಿಂದ ಹೊರಕ್ಕೆ ತೆಗೆದು, ಮಷೀನನ್ನು ಒಂದು ನಿಮಿಷ ಬರಿದೇ ತಿರುಗಲು ಬಿಡಬೇಕು. ಫ್ಯಾನು ಬಿಸಿಯನ್ನು ಹೊರಗೆ ತಳ್ಳುತ್ತದೆ. ಬಿಸಿಯಿದ್ದಾಗಲೇ ಆರಿಸಿ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಆ ಕಾವೆಲ್ಲ ವೈಂಡಿಂಗಿಗೇ.

ಈಗ ಸ್ಕ್ರೂಗಳ ಸರದಿ. ಒಂದೊಂದಾಗಿ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ತಟ್ಟೆಯ ಅಂಚಿಗೆ ಜೋಡಿಸುತ್ತಾರೆ, ಯಾಕೆಂದರೆ ಎಲ್ಲದರ ಉದ್ದ ಒಂದೇ ಅಲ್ಲ. ಮೇಲಿನ ಅರ್ಧ ಚಿಪ್ಪು ಎತ್ತಿದ ಕೂಡಲೇ ಗ್ರೀಸಿನ ದಪ್ಪ ವಾಸನೆ, ಅದರ ಹಿಂದೆ ಕಾರ್ಬನ್ನಿನ ಒಣ ವಾಸನೆ. ಪುಟ್ಟಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾಳೆ, ಯಾವ ವೈರು ಎಲ್ಲಿ ಹಾದಿತ್ತು ಅಂತ ಆಮೇಲೆ ನೋಡಲಿಕ್ಕೆ. ಇದೊಂದು ಹೊಸ ಪದ್ಧತಿಯನ್ನು ಮಾವ ಮನಸಾರೆ ಒಪ್ಪಿದ್ದಾರೆ.

ಕಾರ್ಬನ್ನುಗಳು ಎರಡು, ತಾಮ್ರದ ಕಮ್ಯುಟೇಟರಿನ ಆಚೆಗೊಂದು ಈಚೆಗೊಂದು, ಸ್ಪ್ರಿಂಗಿನ ಒತ್ತಡದಲ್ಲಿ ಅದಕ್ಕೆ ಆತುಕೊಂಡಿರುತ್ತವೆ. ತಿರುಗುವ ಆರ್ಮೇಚರಿಗೆ ಕರೆಂಟು ದಾಟುವುದು ಇವುಗಳಿಂದ. ದಾಟಿಸುತ್ತಾ ಸವೆಯುವುದೇ ಇವುಗಳ ಕೆಲಸ. ತಾಮ್ರ ಉಳಿಯಲಿ ಅಂತಲೇ ಇವು ಮೆತ್ತಗಿವೆ. ಒಂದನ್ನು ಎಳೆದು ಮಾವ ಪುಟ್ಟಿಯ ಸ್ಕೇಲಿನ ಪಕ್ಕ ಹಿಡಿಯುತ್ತಾರೆ. ಐದಾರು ಮಿಲಿಮೀಟರಿಗೆ ಬಂದುಬಿಟ್ಟಿದೆ. ಅಂದರೆ ಜೋಡಿಯನ್ನೇ ಬದಲಿಸುವ ಹೊತ್ತು. ಒಂದನ್ನು ಮಾತ್ರ ಹೊಸದು ಹಾಕಿದರೆ ಒತ್ತಡ ಎರಡು ಕಡೆ ಒಂದೇ ಸಮ ಬೀಳುವುದಿಲ್ಲ. ಇನ್ನೂ ಉದ್ದವಿದ್ದಿದ್ದರೆ ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ, ಇದ್ದ ಮುಖದಲ್ಲೇ ವಾಪಸು ಕೂರಿಸಬೇಕಿತ್ತು, ತುದಿ ಆ ದುಂಡಿಗೆ ಹೊಂದಿ ಸವೆದಿರುತ್ತದಲ್ಲ. ಮಷೀನು ಓಡುವಾಗ ಸೀಳಿನೊಳಗೆ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಕಿಲ್ಲ. ಕಿತ್ತಳೆ ಬಣ್ಣದ ಬೆಂಕಿ ಕಮ್ಯುಟೇಟರಿನ ಸುತ್ತ ಬಳೆ ಕಟ್ಟಿದರೆ ಆ ಕ್ಷಣವೇ ಕೈ ಬಿಡಬೇಕು.

ಕಮ್ಯುಟೇಟರಿನ ಮೇಲೊಂದು ತೆಳುವಾದ ಕಂದು ಬಣ್ಣ ಹೊಳೆಯುತ್ತಿದೆ. ಅದನ್ನು ಕೊಳೆಯೆಂದು ತಿಳಿದು ಉಜ್ಜಿ ಕೆಂಪಗೆ ಮಾಡುವವರಿದ್ದಾರೆ. ಆ ಕಂದು ಇರಬೇಕಾದ್ದೇ, ಕಾರ್ಬನ್ನು ಅದರ ಮೇಲೆ ಸಲೀಸಾಗಿ ಜಾರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ತಾಮ್ರದ ಪಟ್ಟಿಗಳ ನಡುವಿನ ಗೆರೆಗಳಲ್ಲಿ ಕೂತ ಕರಿ ಪುಡಿಯನ್ನು ಬ್ರಷ್ಷಿನಿಂದ ಬಿಡಿಸಿದರೆ ಸಾಕು.

ಅತ್ತೆ ಕಾಫಿ ತಂದಿಟ್ಟು, "ಇವತ್ತು ಪೂರಾ ಇದೇನಾ?" ಅನ್ನುತ್ತಾರೆ. ಕಾಫಿ ಕುಡಿಯುತ್ತಾ ಮಾವ ಮಷೀನಿನ ಬೆನ್ನಿನ ಫಲಕವನ್ನು ಒರೆಸಿ ಓದಿಸುತ್ತಾರೆ: 230 ವೋಲ್ಟ್, 600 ವ್ಯಾಟ್, 13 ಎಂಎಂ ಚಕ್ಕು, ನಿಮಿಷಕ್ಕೆ 2,800 ಸುತ್ತು. ಚೌಕದೊಳಗೊಂದು ಚೌಕದ ಗುರುತೂ ಇದೆ. ಎರಡು ಪದರ ಇನ್ಸುಲೇಷನ್ ಇದೆ ಅಂತ ಅದರರ್ಥ. ಅದಕ್ಕೇ ಇದರ ಪ್ಲಗ್ಗಿಗೆ ಅರ್ತಿನ ಮೂರನೇ ಪಿನ್ನಿಲ್ಲ. ಇಷ್ಟು ಶಕ್ತಿ ಒಂದು ಕೈಯ ಹಿಡಿತಕ್ಕೆ ಬಂದ ದಾರಿ ಉದ್ದದ್ದು. ಮೆಲ್ಬರ್ನಿನಲ್ಲಿ 1889ರಲ್ಲೇ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಪಡೆದಿದ್ದರು. ಕೈಯಲ್ಲಿ ಹಿಡಿಯುವಂಥದ್ದು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಕಂಪನಿಯಲ್ಲಿ ತಯಾರಾಯಿತು. ಪಿಸ್ತೂಲಿನ ಹಿಡಿ, ಬೆರಳಲ್ಲಿ ಒತ್ತುವ ಸ್ವಿಚ್ಚು ಸೇರಿಸಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್‌ನವರು ಪೇಟೆಂಟ್ ಪಡೆದದ್ದು 1917ರಲ್ಲಿ. ನಮ್ಮ ಮುಂದೆ ಬಿದ್ದಿರುವುದೂ ಅದೇ ರೂಪ.

ಗೇರಿನ ಹಳೇ ಗ್ರೀಸು ಕಪ್ಪಾಗಿ ಗಟ್ಟಿಯಾಗಿದೆ. ಬಟ್ಟೆಯಿಂದ ಬಳಿದು ತೆಗೆದು, ಹೊಸ ಲಿಥಿಯಂ ಗ್ರೀಸನ್ನು ಬೆರಳ ತುದಿಯಲ್ಲಿ ಹಲ್ಲುಗಳಿಗೆ ಸವರುತ್ತಾರೆ. ಹೆಚ್ಚು ತುಂಬಿದರೆ ಬಿಸಿಗೆ ಕರಗಿ ಆರ್ಮೇಚರಿನ ಕಡೆ ಹರಿಯುತ್ತದೆ. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಕರಕರ ಸದ್ದಿಲ್ಲ, ಇನ್ನೂ ಗಟ್ಟಿಯಾಗಿದೆ. ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕಿನ ಮೂತಿ ಕೆಳಗೆ ಮಾಡಿ ಮೂರು ದವಡೆಗಳನ್ನು ಪೂರ್ತಿ ತೆರೆದು ತಟ್ಟಿದಾಗ ಒಂದು ಚಮಚೆಯಷ್ಟು ಮರಳು ಪೇಪರಿಗೆ ಬೀಳುತ್ತದೆ. ತಲೆಯ ಮೇಲಿನ ಸ್ಲ್ಯಾಬಿಗೆ ಫ್ಯಾನಿನ ಕೊಕ್ಕೆಗಾಗಿ ತೂತು ಹೊಡೆದಾಗ ಸೇರಿದ್ದು. ಅಂಥ ಕೆಲಸಕ್ಕೆ ಚಹಾದ ಪೇಪರ್ ಕಪ್ಪಿನ ತಳ ಚುಚ್ಚಿ ಬಿಟ್ಟಿಗೆ ಸಿಕ್ಕಿಸಿಕೊಂಡರೆ ಪುಡಿ ಕಪ್ಪಿನಲ್ಲೇ ನಿಲ್ಲುತ್ತದೆ. ಬಿಗಿಯಾದ ಚಕ್ಕಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಬೇಡ. ಅದು ಧೂಳು ಹಿಡಿದು ಅಂಟಾಗುತ್ತದೆ. ಬಿಗಿಯುವಾಗ ಕೀಯನ್ನು ಒಂದೇ ತೂತಿಗೆ ಹಾಕಿ ಜಗ್ಗದೆ ಮೂರೂ ತೂತುಗಳಲ್ಲಿ ತಿರುಗಿಸಿದರೆ ದವಡೆಗಳು ಬಿಟ್ಟನ್ನು ಸಮವಾಗಿ ಕಚ್ಚುತ್ತವೆ.

ವೈರು ಹಿಡಿಯೊಳಗೆ ಹೋಗುವ ಜಾಗದಲ್ಲಿ ಮಾವನ ಬೆರಳು ಬಹಳ ಹೊತ್ತು ನಿಲ್ಲುತ್ತದೆ. ಮಷೀನಿಗೇ ಬಿಗಿಯಾಗಿ ಸುತ್ತಿಟ್ಟರೆ ಒಳಗಿನ ಎಳೆಗಳು ಮುರಿಯುವುದು ಇಲ್ಲೇ. ಸಡಿಲವಾಗಿ, ಅಗಲ ಸುರುಳಿ ಮಾಡಿ ಇಡಬೇಕು.

ಬೀರುವಿನಲ್ಲಿದ್ದ ಹೊಸ ಕಾರ್ಬನ್ ಜೋಡಿ ಒಳಗೆ ಕೂತಿತು, ಚಿಪ್ಪು ಮುಚ್ಚಿತು, ತಟ್ಟೆಯಲ್ಲಿ ಒಂದೂ ಸ್ಕ್ರೂ ಉಳಿಯಲಿಲ್ಲ. ಪ್ಲಗ್ ಹಾಕಿ ಬೆರಳು ಒತ್ತಿದಾಗ ಮೊದಲು ಒಂದಿಷ್ಟು ಕಿಡಿ, ಹೊಸ ಕಾರ್ಬನ್ನು ದುಂಡಿಗೆ ಹೊಂದುವವರೆಗೆ. ಹೊರೆಯಿಲ್ಲದೆ ಕೆಲವು ನಿಮಿಷ ಓಡಿದ ಮೇಲೆ ಸದ್ದು ಸಮವಾಗುತ್ತದೆ. ಗೋಡೆಗೆ ಬಳಸುವ ಬಿಟ್ಟು ಹಾಕಿ, ಪುಟ್ಟಿಗೆ ಕನ್ನಡಕ ತೊಡಿಸಿ, ಸುತ್ತಿಗೆಯ ಗುರುತಿನ ಕಡೆ ಗುಂಡಿ ಸರಿಸುತ್ತಾರೆ. ಮರಕ್ಕೂ ಕಬ್ಬಿಣಕ್ಕೂ ಈ ಗುಂಡಿ ಸಲ್ಲದು. ಗೋಡೆ ತೂತಾಗುತ್ತಾ ಬಿಟ್ಟು ಬಿಸಿಯೇರುತ್ತದೆ. ಪುಟ್ಟಿ ಪಕ್ಕದ ನೀರಿನ ಚೊಂಬನ್ನು ನೋಡುತ್ತಾಳೆ.

"ಅದ್ದಲಾ ಅಜ್ಜ?"

"ಬೇಡ ಮಗಳೇ. ತುದಿಯಲ್ಲಿರೋ ಕಾರ್ಬೈಡು ಬಿಸಿಗೆ ನೀರು ತಾಕಿದರೆ ಸೀಳುತ್ತೆ. ಹೊರಗೆ ತೆಗಿ, ಗಾಳಿಗೆ ತಿರುಗಲಿ. ಆಮೇಲೆ ಮತ್ತೆ ಇಡು. ಒತ್ತಬೇಡ, ಅದರ ಪಾಡಿಗೆ ಅದು ಹೋಗುತ್ತೆ."