ಸಾವಿರ ಹೆಗಲುಗಳ ಹೊರೆ: ಆರೋಗ್ಯವಿಮೆಯ ಲೆಕ್ಕಾಚಾರ

ವಿಮೆಯ ಮೂಲತತ್ತ್ವವು ಬಲು ಸರಳವಾದುದು. ಚಾಮರಾಜಪೇಟೆಯ ಒಂದು ಸಾವಿರ ಸಂಸಾರಗಳು ಒಂದು ಕೂಟ ಕಟ್ಟಿಕೊಂಡಿವೆಯೆಂದು ಭಾವಿಸೋಣ. ವರ್ಷವೊಂದರಲ್ಲಿ ಇಪ್ಪತ್ತು ಸಂಸಾರಗಳಿಗೆ ತಲಾ ಒಂದು ಲಕ್ಷ ರೂಪಾಯಿಗಳ ಚಿಕಿತ್ಸೆ ಬೇಕಾಗುವುದೆನ್ನೋಣ. ಯಾವ ಇಪ್ಪತ್ತು ಎಂಬುದನ್ನು ಯಾರೂ ಮುಂದಾಗಿ ಹೇಳಲಾರರು. ಎಷ್ಟು ಎಂಬುದನ್ನು ಮಾತ್ರ ಸಂಭಾವ್ಯತೆಯ ಗಣಿತವು ಸುಮಾರಾಗಿ ಹೇಳಬಲ್ಲುದು. ಒಟ್ಟು ವೆಚ್ಚ 20 ಲಕ್ಷ. ಎಲ್ಲರೂ ಹಂಚಿಕೊಂಡರೆ ತಲಾ 2,000 ರೂಪಾಯಿ. ಒಂದು ಮನೆಯನ್ನು ಮುಳುಗಿಸಬಲ್ಲ ಹೊರೆಯು ಸಾವಿರ ಹೆಗಲುಗಳ ಮೇಲೆ ಹಗುರಾಗುತ್ತದೆ.

ತೊಡಕು ಹುಟ್ಟುವುದು ಇಲ್ಲಿಂದ ಮುಂದೆ. ಆರೋಗ್ಯವಂತರಾದ ಐನೂರು ಮನೆಯವರು 'ನಮಗೇಕೆ ಈ ದಂಡ?' ಎಂದು ಹೊರನಡೆದರೆ, ಅದೇ 20 ಲಕ್ಷವನ್ನು ಉಳಿದ ಐನೂರು ಮನೆಗಳೇ ಹೊರಬೇಕು. ಕಂತು 4,000ಕ್ಕೆ ಏರುತ್ತದೆ. ಅದನ್ನು ಕಂಡು ಇನ್ನಷ್ಟು ಮಂದಿ ಕೂಟವನ್ನು ಬಿಡುತ್ತಾರೆ. ಕಾಯಿಲೆ ಬಿದ್ದ ಮೇಲೆ ವಿಮೆ ಕೊಳ್ಳುವವರಿಂದಲೂ ಇದೇ ಅಪಾಯ. ಆದುದರಿಂದಲೇ ಸಂಸ್ಥೆಗಳು ಮೊದಲೇ ಇದ್ದ ರೋಗಗಳಿಗೆ 'ಕಾಯುವ ಅವಧಿ'ಯನ್ನು ವಿಧಿಸುತ್ತವೆ. ಅದು ಮೂರು ವರ್ಷಗಳನ್ನು ಮೀರಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಗೊತ್ತುಪಡಿಸಿತು.

ಇನ್ನು ಆಸ್ಪತ್ರೆಯೊಳಕ್ಕೆ ಹೋಗೋಣ. ಇಲ್ಲಿ ಚಿಕಿತ್ಸೆ ಪಡೆಯುವವನು ರೋಗಿ. ಅದನ್ನು ನಿರ್ಧರಿಸುವವನು ವೈದ್ಯ. ಹಣ ತೆರುವುದು ವಿಮಾ ಸಂಸ್ಥೆ. ಒಂದೊಂದು ಪರೀಕ್ಷೆಗೂ ಬೇರೆಬೇರೆಯಾಗಿ ಹಣ ತೆತ್ತರೆ ಪರೀಕ್ಷೆಗಳು ಬೆಳೆಯುವ ಸಂಭವವುಂಟು. ಇದನ್ನು ತಡೆಯಲು ಇಡೀ ಶಸ್ತ್ರಚಿಕಿತ್ಸೆಗೆ ಒಂದೇ 'ಪ್ಯಾಕೇಜ್' ದರವನ್ನು ಗೊತ್ತುಮಾಡಬಹುದು. ಆದರೆ ಆ ದರ ತೀರ ಕಡಮೆಯಾದರೆ, ಜಟಿಲವಾದ ರೋಗವುಳ್ಳವರನ್ನು ಸೇರಿಸಿಕೊಳ್ಳಲು ಆಸ್ಪತ್ರೆ ಹಿಂಜರಿಯುತ್ತದೆ. ಮೂರನೆಯ ಉಪಾಯ ಪೂರ್ವಾನುಮತಿ. ವೈದ್ಯನು ರೋಗಿಯ ಹಾಸಿಗೆಯ ಪಕ್ಕದಲ್ಲಿರುತ್ತಾನೆ. ಕಾಗದಗಳನ್ನು ನೋಡಿ ಒಪ್ಪಿಗೆ ಕೊಡುವವರು ದೂರದ ಕಚೇರಿಯಲ್ಲಿರುತ್ತಾರೆ. ಇವರಿಬ್ಬರ ನಡುವೆ ಕಳೆಯುವ ಪ್ರತಿಯೊಂದು ಗಂಟೆಯೂ ರೋಗಿಯದೇ.

ಈ ತಿಕ್ಕಾಟ ಬರಿಯ ಊಹೆಯಲ್ಲ. 2010ರ ಜುಲೈ ತಿಂಗಳಿನಲ್ಲಿ ಸರಕಾರೀ ವಲಯದ ನಾಲ್ಕು ವಿಮಾ ಸಂಸ್ಥೆಗಳು ದೆಹಲಿ, ಮುಂಬಯಿ, ಚೆನ್ನೈ ಮತ್ತು ಬೆಂಗಳೂರಿನ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ನಗದುರಹಿತ ಸೌಲಭ್ಯವನ್ನು ನಿಲ್ಲಿಸಿದುವು. ವಿಮೆಯುಳ್ಳವರಿಗೆ ಆಸ್ಪತ್ರೆಗಳು ಹೆಚ್ಚು ಬಿಲ್ಲು ಮಾಡುತ್ತಿವೆಯೆಂಬುದು ಅವುಗಳ ದೂರು. ಕೊಡುವ ದರ ಸಾಲದೆಂಬುದು ಆಸ್ಪತ್ರೆಗಳ ವಾದ. ನಡುವೆ ಸಿಕ್ಕಿದವರು, ಕಂತು ಕಟ್ಟಿಯೂ ಮೊದಲು ಕೈಯಿಂದ ಹಣ ಹೊಂದಿಸಬೇಕಾದ ರೋಗಿಗಳು.

ಹಾಗೆಂದು ವಿಮೆಯೇ ವ್ಯರ್ಥವೆನ್ನುವಂತಿಲ್ಲ. ಇದಕ್ಕೆ ಉತ್ತರ ಕರ್ನಾಟಕದಲ್ಲಿಯೇ ಸಾಕ್ಷ್ಯವಿದೆ. 2010ರಲ್ಲಿ ಅಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಡ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದವುಗಳ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿತು. ಬೀದರ, ರಾಯಚೂರುಗಳಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಬಡ ರೋಗಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆಯಿತು. ಯೋಜನೆಯಿದ್ದ ಹಳ್ಳಿಗಳನ್ನೂ ಗಡಿಯಾಚೆ ಅದಿನ್ನೂ ಬಾರದಿದ್ದ ನೆರೆಹಳ್ಳಿಗಳನ್ನೂ ಹೋಲಿಸಿದ ಸಂಶೋಧಕರು, 2014ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು: ಯೋಜನೆಗೆ ಒಳಪಟ್ಟ ರೋಗಗಳಿಂದ ಬಡವರಲ್ಲಿ ಸಂಭವಿಸಿದ ಮರಣಗಳು ಶೇಕಡ 64ರಷ್ಟು ಕಡಮೆಯಾಗಿದ್ದುವು. ಪ್ಯಾಕೇಜ್ ದರ, ಪೂರ್ವಾನುಮತಿ ಎರಡೂ ಅಲ್ಲಿಯೂ ಇದ್ದುವು. ಆದರೆ ಬಡ ಕುಟುಂಬಗಳೆಲ್ಲವೂ ಸೇರಿದ್ದುದರಿಂದ ಆರೋಗ್ಯವಂತರು ಕೂಟ ಬಿಡುವ ಪ್ರಶ್ನೆಯೇ ಇರಲಿಲ್ಲ.

ಖಾಸಗಿ ವಿಮೆಯಲ್ಲಿಯೂ ಕೆಲವು ಕಟ್ಟಲೆಗಳು ಬಂದಿವೆ. 2024ರ ಆದೇಶದಂತೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೂ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೂ ಉತ್ತರ ಬರಬೇಕು. ತಡವಾದುದರಿಂದ ಆಸ್ಪತ್ರೆಯ ವೆಚ್ಚ ಬೆಳೆದರೆ ಅದನ್ನು ವಿಮಾ ಸಂಸ್ಥೆಯೇ ಭರಿಸಬೇಕು. ಸಂಸ್ಥೆಯ ಉತ್ತರ ತೃಪ್ತಿಕರವಾಗಿರದಿದ್ದರೆ ಶುಲ್ಕವಿಲ್ಲದೆ ವಿಮಾ ಲೋಕಪಾಲರ ಮೊರೆಹೋಗಬಹುದು.

ವಿದ್ಯಾರ್ಥಿಗಳು ತಮ್ಮ ಮನೆಯ ವಿಮಾಪತ್ರವನ್ನು ಒಮ್ಮೆ ತೆರೆದು, ಕಾಯುವ ಅವಧಿ ಎಷ್ಟು, ಕೊಠಡಿ ಬಾಡಿಗೆಯ ಮಿತಿ ಎಷ್ಟು, ಯಾವ ರೋಗಗಳನ್ನು ಹೊರಗಿಟ್ಟಿದೆ ಎಂಬ ಮೂರನ್ನು ಹಿರಿಯರಿಗೆ ಓದಿಹೇಳಲಿ. ಈ ಕೆಲಸಕ್ಕೆ ತಕ್ಕ ಕಾಲ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವ ಕಾಲವೇ.