ವರ್ಡ್ ತೆರೆಯಲು ತಡವೇ? ಹೊಸ ಗಣಕ ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ

ತಿಪ್ಪಸಂದ್ರ (ಮಾಗಡಿ ತಾ.): ಪಹಣಿ ತಿದ್ದುಪಡಿಯ ಅರ್ಜಿಯನ್ನೋ ಗುತ್ತಿಗೆಯ ಕರಾರುಪತ್ರವನ್ನೋ ಬರೆಸಲು ಹೋಬಳಿ ಕೇಂದ್ರದ ಟೈಪಿಂಗ್ ಅಂಗಡಿಗೆ ಬಂದವರು, ಪರದೆಯ ಮೇಲೆ ವರ್ಡ್ ತೆರೆದುಕೊಳ್ಳುವವರೆಗೆ ಕಾದು ನಿಲ್ಲುವುದು ಸಾಮಾನ್ಯ. ಅಷ್ಟರಲ್ಲಿ ಮಾಗಡಿಯ ಬಸ್ ತಪ್ಪಿದರೆ ತಾಲ್ಲೂಕು ಕಚೇರಿಯ ಕೆಲಸ ಮರುದಿನಕ್ಕೆ ಹೋಗುತ್ತದೆ. ಗಣಕ ಹಳೆಯದಾಯಿತು, ಹೊಸದು ಬೇಕು ಎಂಬ ಮಾತು ಕೂಡಲೇ ಬರುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಅದು ಅವಸರದ ತೀರ್ಮಾನ.

ದುಡ್ಡು ಖರ್ಚಾಗದ ಪರೀಕ್ಷೆಯೊಂದಿದೆ. ಗಣಕವನ್ನು ಹೊಸದಾಗಿ ಚಾಲೂ ಮಾಡಿ, ಐದು ನಿಮಿಷ ಬಿಟ್ಟು ವರ್ಡ್ ತೆರೆಯಬೇಕು. ಅದನ್ನು ಮುಚ್ಚಿ, ಆಗಲೇ ಮತ್ತೊಮ್ಮೆ ತೆರೆಯಬೇಕು. ಮೊದಲ ಸಲ ತಂತ್ರಾಂಶದ ಕಡತಗಳು ಡಿಸ್ಕ್‌ನಿಂದ ಬರುತ್ತವೆ. ಎರಡನೆಯ ಸಲಕ್ಕೆ ಅವುಗಳಲ್ಲಿ ಹೆಚ್ಚಿನವು ರ‍್ಯಾಮ್‌ನಲ್ಲಿಯೇ ಉಳಿದಿರುತ್ತವೆ. ಎರಡನೆಯ ಸಲ ಚುರುಕಾಗಿ ತೆರೆದರೆ ತೊಡಕು ಡಿಸ್ಕ್‌ನದು. ಆಗಲೂ ನಿಧಾನವಾದರೆ ಒಂದೋ ರ‍್ಯಾಮ್ ಸಾಲದು, ಇಲ್ಲವೇ ತಂತ್ರಾಂಶಕ್ಕೆ ಏನೋ ಅಂಟಿಕೊಂಡಿದೆ.

ಅಂಟಿಕೊಂಡಿರುವುದು ಸಾಮಾನ್ಯವಾಗಿ ಆಡ್-ಇನ್‌ಗಳು. ಪಿಡಿಎಫ್ ತಂತ್ರಾಂಶದಂಥವುಗಳನ್ನು ಅಳವಡಿಸುವಾಗ ಇವೂ ಜತೆಗೆ ಬಂದು ಸೇರುತ್ತವೆ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ವರ್ಡ್ ತೆರೆದರೆ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಅದರಲ್ಲಿ ಬೇಗ ತೆರೆದರೆ ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ ಒಂದೊಂದನ್ನೇ ತೆಗೆದು ನೋಡಬೇಕು. ಯಾರೂ ಅನುಮಾನಿಸದ ಇನ್ನೊಂದು ಕಾರಣ ಪ್ರಿಂಟರ್. ನೆಟ್‌ವರ್ಕ್‌ನಲ್ಲಿರುವ ಡಿಫಾಲ್ಟ್ ಪ್ರಿಂಟರ್ ಆರಿದ್ದರೆ ಅದರ ಉತ್ತರಕ್ಕಾಗಿ ವರ್ಡ್ ಕಾಯುವುದುಂಟು. ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಅನ್ನು ಡಿಫಾಲ್ಟ್ ಮಾಡಿಕೊಂಡರೆ ಸತ್ಯ ತಿಳಿಯುತ್ತದೆ.

ಉಚಿತವಾದ ಲಿಬ್ರೆಆಫೀಸ್ 2010ರಲ್ಲಿ ಓಪನ್ಆಫೀಸ್‌ನಿಂದ ಕವಲೊಡೆದದ್ದು. ಅದರ ಆಯ್ಕೆಗಳಲ್ಲಿ ಜಾವಾ ಬಳಕೆಯನ್ನು ನಿಲ್ಲಿಸಿ ನೋಡಬಹುದು. ಜಾವಾ ಮುಖ್ಯವಾಗಿ ಬೇಕಾಗುವುದು ದತ್ತಾಂಶ ವಿಭಾಗವಾದ ಬೇಸ್ ಬಳಸುವವರಿಗೆ. ಅದರ ಕ್ವಿಕ್‌ಸ್ಟಾರ್ಟರ್ ತಂತ್ರಾಂಶವನ್ನು ಮೊದಲೇ ರ‍್ಯಾಮ್‌ಗೆ ತಂದಿಡುತ್ತದೆ. ಮೈಕ್ರೋಸಾಫ್ಟ್ ಕೂಡ 2025ರಲ್ಲಿ ವರ್ಡ್‌ಗೆ ಇಂಥದೇ ಏರ್ಪಾಡು ತಂದಿತು, ಆದರೆ ಅದಕ್ಕೆ 8 ಜಿಬಿ ರ‍್ಯಾಮ್ ಇರಬೇಕು. ನಿಜವಾಗಿ ನರಳುವ ಹಳೆಯ ಗಣಕಗಳಿಗೆ ಅದು ದಕ್ಕದು!

ದೋಷ ಡಿಸ್ಕ್‌ನದಾದರೆ ಗಣಕವನ್ನೇ ಬದಲಿಸಬೇಕಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಪ್ರತಿ ಕಡತಕ್ಕೂ ಅತ್ತಿತ್ತ ಸರಿಯಬೇಕು. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ. ಕರೆಂಟು ಹೋಗಿ ಗಣಕ ಆರಿದಾಗಲೆಲ್ಲ ರ‍್ಯಾಮ್ ಬರಿದಾಗಿ, ಮುಂದಿನ ತೆರೆಯುವಿಕೆ ಮತ್ತೆ ‘ಮೊದಲನೆಯದೇ’ ಆಗುವುದರಿಂದ ಹಳ್ಳಿಗಳಲ್ಲಿ ಯುಪಿಎಸ್ ಕೂಡ ಕಾಯುವಿಕೆಯನ್ನು ತಗ್ಗಿಸುತ್ತದೆ.

ಹೊಸ ಡಿಸ್ಕ್‌ಗೆ ವಿಂಡೋಸ್ ಹೊಸದಾಗಿ ಹಾಕಿಸುವವರು ಗಿರಾಕಿಗಳ ಕಡತಗಳ ಜತೆಗೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳನ್ನೂ ನಕಲು ಮಾಡಿಟ್ಟುಕೊಳ್ಳಬೇಕು. ಯೂನಿಕೋಡ್ ಪೂರ್ವದ ಕರಾರುಪತ್ರಗಳು ಅವಿಲ್ಲದೆ ತೆರೆದರೂ ಓದಲು ಬಾರವು.