ಪ್ರಾಯದಲ್ಲಿ ಬರುವ ಕರುಳಿನ ಕ್ಯಾನ್ಸರ್

ದೊಡ್ಡ ಕರುಳಿನಲ್ಲಿ ಮತ್ತು ಅದರ ಕೊನೆಯ ಭಾಗವಾದ ಗುದನಾಳದಲ್ಲಿ ಹುಟ್ಟುವ ಕ್ಯಾನ್ಸರನ್ನು ವೈದ್ಯರು ಸಹ ಬಹುಕಾಲ ಐವತ್ತು ದಾಟಿದವರ ರೋಗವೆಂದೇ ಎಣಿಸಿದ್ದರು. ಈ ಎಣಿಕೆ ಈಗ ಸಡಿಲಾಗಿದೆ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಅಲ್ಲಿ 1950ರ ಸುಮಾರಿಗೆ ಹುಟ್ಟಿದವರಿಗಿಂತ 1990ರ ಸುಮಾರಿಗೆ ಹುಟ್ಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಇಮ್ಮಡಿ, ಗುದನಾಳದ ಕ್ಯಾನ್ಸರಿನ ಅಪಾಯ ನಾಲ್ಮಡಿ. ರೋಗಲಕ್ಷಣವಿಲ್ಲದವರೂ ತಪಾಸಣೆ ಮಾಡಿಸಿಕೊಳ್ಳತಕ್ಕ ವಯಸ್ಸನ್ನು ಅಲ್ಲಿ 2021ರಲ್ಲಿ 50ರಿಂದ 45ಕ್ಕೆ ಇಳಿಸಲಾಯಿತು.

ಈ ರೋಗ ಒಮ್ಮೆಲೇ ಬರುವುದು ಅಪರೂಪ. ಕರುಳಿನ ಒಳಪೊರೆಯಲ್ಲಿ ಮೊದಲು ಪಾಲಿಪ್ ಎಂಬ ಸಣ್ಣ ಗಂಟು ಮೂಡುತ್ತದೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕರ. ಕೆಲವು ಮಾತ್ರ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಕಾಲದಲ್ಲಿ ಕ್ಯಾನ್ಸರಾಗಿ ಮಾರ್ಪಡುತ್ತವೆ. ಕೊಲೊನೊಸ್ಕೋಪಿ ಎಂಬ ಪರೀಕ್ಷೆಯಲ್ಲಿ ಬಾಗುವ ಕೊಳವೆಯನ್ನು ಒಳಗೆ ಕಳುಹಿಸಿ ಕರುಳನ್ನು ಕಣ್ಣಾರೆ ನೋಡಬಹುದು. ಗಂಟು ಕಂಡರೆ ಆಗಲೇ ತೆಗೆದುಹಾಕಲೂಬಹುದು.

ಕಿರಿಯರಲ್ಲಿ ರೋಗ ತಡವಾಗಿ ಪತ್ತೆಯಾಗಲು ಒಂದು ಕಾರಣ ನಮ್ಮ ಸಂಕೋಚ. ಮಲದಲ್ಲಿ ರಕ್ತ ಕಂಡರೆ ಮೂವತ್ತರ ಯುವಕನು ಹೆಂಡತಿಗೂ ಹೇಳುವುದಿಲ್ಲ. ಹೇಳಿದರೆ, ‘ಮೈಗೆ ಉಷ್ಣವಾಗಿದೆ, ಮಜ್ಜಿಗೆ ಕುಡಿಯಿರಿ’ ಎಂಬ ಉತ್ತರ. ಇಲ್ಲವೆ ‘ಮೂಲವ್ಯಾಧಿ ಇರಬೇಕು’ ಎಂಬ ಊಹೆ. ಹೆಚ್ಚಿನ ಸಲ ಆ ಊಹೆಯೇ ಸರಿ. ಆದರೆ ಅದನ್ನು ನಿಶ್ಚಯಿಸಬೇಕಾದವರು ವೈದ್ಯರು, ಪರೀಕ್ಷೆ ಮಾಡಿದ ಮೇಲೆ. ರಕ್ತಸ್ರಾವ, ಕೆಲವು ವಾರಗಳಿಂದ ಬದಲಾಗಿರುವ ಮಲವಿಸರ್ಜನೆಯ ಕ್ರಮ, ಬಿಡದ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ - ಇವುಗಳಲ್ಲಿ ಒಂದಿದ್ದರೂ ತೋರಿಸಿಕೊಳ್ಳುವುದು ಲೇಸು. ಕರುಳನ್ನು ಬಿಟ್ಟು ಹರಡುವ ಮುನ್ನ ರೋಗ ಸಿಕ್ಕಿದವರಲ್ಲಿ ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟಿ ಬದುಕುತ್ತಾರೆಂದು ಅಮೆರಿಕದ ಲೆಕ್ಕ ಹೇಳುತ್ತದೆ.

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಅಗತ್ಯವಿದ್ದಲ್ಲಿ ಕೀಮೋಥೆರಪಿ, ಗುದನಾಳದ ರೋಗಕ್ಕೆ ವಿಕಿರಣವೂ ಸೇರುತ್ತವೆ. ಕೆಲವರಿಗೆ ಹೊಟ್ಟೆಯ ಮೇಲೆ ಸ್ಟೋಮಾ ಎಂಬ ದ್ವಾರ ಮಾಡಿ, ಮಲ ಸಂಗ್ರಹಕ್ಕೆ ಚೀಲ ಅಂಟಿಸುತ್ತಾರೆ. ಕೆಲವರಿಗೆ ಅದು ಕೆಲವು ತಿಂಗಳ ಮಾತು, ಕೆಲವರಿಗೆ ಜೀವಮಾನದ್ದು. ಚೀಲವಿದ್ದೂ ಸ್ನಾನ, ಉದ್ಯೋಗ, ಪ್ರಯಾಣ, ದಾಂಪತ್ಯ ಎಲ್ಲವೂ ಸಾಧ್ಯ. ವಿಕಿರಣ ಮತ್ತು ಔಷಧಗಳಿಂದ ಸಂತಾನಶಕ್ತಿ ಕುಂದಬಹುದು. ವೀರ್ಯವನ್ನೋ ಅಂಡವನ್ನೋ ಮೊದಲೇ ಕಾದಿರಿಸುವ ಏರ್ಪಾಡು ಇದೆ. ಮಕ್ಕಳ ಆಸೆಯುಳ್ಳವರು ಚಿಕಿತ್ಸೆ ತೊಡಗುವ ಮುನ್ನವೇ ಈ ಮಾತನ್ನು ಎತ್ತಬೇಕು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ‘ವಾಸಿಯಾಯಿತಲ್ಲ, ಇನ್ನೇನು?’ ಎಂದು ನೆಂಟರು ಕೇಳುತ್ತಾರೆ. ಆದರೆ ಆಕ್ಸಾಲಿಪ್ಲಾಟಿನ್ ಎಂಬ ಔಷಧ ಪಡೆದವರಿಗೆ ಬೆರಳುಗಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗಬಹುದು. ಗುದನಾಳದ ಶಸ್ತ್ರಕ್ರಿಯೆಯಾದವರು ದಿನಕ್ಕೆ ಹಲವು ಬಾರಿ ಶೌಚಕ್ಕೆ ಹೋಗಬೇಕಾದೀತು. ಆಯಾಸ ತಿಂಗಳುಗಟ್ಟಲೆ ಉಳಿಯುತ್ತದೆ. ಇದು ಸೋಮಾರಿತನವಲ್ಲವೆಂದು ಮನೆಯವರೂ ಕಚೇರಿಯವರೂ ತಿಳಿಯಬೇಕು. ಸಾಮಾನ್ಯವಾಗಿ ಐದು ವರ್ಷ ರಕ್ತಪರೀಕ್ಷೆ, ಸ್ಕ್ಯಾನ್, ಕೊಲೊನೊಸ್ಕೋಪಿಗಳು ನಡೆಯುತ್ತವೆ. ಪ್ರತಿ ಪರೀಕ್ಷೆಯ ಮುನ್ನ ಹಳೆಯ ಭಯ ಮರಳುವುದು ಸಹಜ. ರೋಗಿಯೇ ಮಾಡಬಹುದಾದ ಕೆಲಸವೂ ಒಂದುಂಟು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಕ್ರಿಯೆ, ಕೀಮೋಥೆರಪಿ ಮುಗಿಸಿದ 889 ಮಂದಿಯ ಪ್ರಯೋಗವೊಂದು 2025ರಲ್ಲಿ ಪ್ರಕಟವಾಯಿತು. ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ನೂರಕ್ಕೆ ಸುಮಾರು 80. ಕೇವಲ ತಿಳಿವಳಿಕೆಯ ಪುಸ್ತಿಕೆ ಪಡೆದವರಲ್ಲಿ ಸುಮಾರು 74.

ಅಮೆರಿಕದ ನಟ ಚಾಡ್ವಿಕ್ ಬೋಸ್‌ಮನ್‌ಗೆ 2016ರಲ್ಲಿ ಮೂರನೆಯ ಹಂತದ ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಶಸ್ತ್ರಕ್ರಿಯೆ, ಕೀಮೋಥೆರಪಿಗಳ ನಡುವೆಯೇ ಅವರು ಚಿತ್ರಗಳಲ್ಲಿ ನಟಿಸಿದರು. 2020ರ ಆಗಸ್ಟ್ 28ರಂದು, 43ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೇ ಜಗತ್ತಿಗೆ ವಿಷಯ ಗೊತ್ತಾದದ್ದು. ಲೋಕಕ್ಕೆ ಹೇಳುವುದು ಬಿಡುವುದು ರೋಗಿಯ ಇಷ್ಟ. ಒಡಹುಟ್ಟಿದವರಿಗೂ ಮಕ್ಕಳಿಗೂ ಮಾತ್ರ ಹೇಳಲೇಬೇಕು. ಕೆಲವು ಕುಟುಂಬಗಳಲ್ಲಿ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷ ಹರಿದುಬರುತ್ತದೆ. ಅಂಥವರಿಗೆ ತಪಾಸಣೆ ಇನ್ನೂ ಬೇಗ, ಇನ್ನೂ ಪದೇ ಪದೇ ಆಗಬೇಕು. ಅದಿಲ್ಲದಿದ್ದರೂ, ರೋಗಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇಲ್ಲವೆ ನಲವತ್ತಕ್ಕೆ, ಯಾವುದು ಮುಂಚೆಯೋ ಆಗ ಅವರ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಸೂಚಿಸುತ್ತಾರೆ. ಅಣ್ಣನಿಗೆ 38ರಲ್ಲಿ ಕಂಡಿದ್ದರೆ ತಮ್ಮ 28ರಲ್ಲೇ ತೋರಿಸಿಕೊಳ್ಳಬೇಕು. ಅಣ್ಣ ಬಾಯಿಬಿಟ್ಟು ಹೇಳಿದರಷ್ಟೇ ತಮ್ಮನಿಗೆ ಅದು ತಿಳಿದೀತು.